ಎಲೆಕ್ಟ್ರಾನ್ ಗಂಟೆಗೆ 7 ಸೆಂಟಿಮೀಟರ್ ಸಾಗುವುದಾದರೆ ಬಲ್ಬು ತಕ್ಷಣ ಉರಿಯುವುದು ಹೇಗೆ?

ಪ್ರಶ್ನೆ: ತಂತಿಯೊಳಗೆ ಎಲೆಕ್ಟ್ರಾನ್‌ಗಳು ಬಸವನಹುಳುವಿಗಿಂತ ನಿಧಾನವಾಗಿ ಸಾಗುತ್ತವೆ ಎಂದು ಕಾಲೇಜಿನಲ್ಲಿ ಕಲಿಸುತ್ತಾರೆ. ಹಾಗಿದ್ದರೆ ಸ್ವಿಚ್ ಒತ್ತಿದ ಕೂಡಲೇ ಬಲ್ಬು ಹೊತ್ತಿಕೊಳ್ಳುವುದು ಹೇಗೆ?

ಉತ್ತರ: ನಿಮಗೆ ಕಲಿಸಿದ್ದು ನಿಜ, ಒಂದು ಲೆಕ್ಕ ಹಾಕಿದರೆ ಅದು ಕಣ್ಣಿಗೆ ಕಟ್ಟುತ್ತದೆ. 60 ವ್ಯಾಟಿನ ಹಳೆಯ ಮಾದರಿಯ ಬಲ್ಬು 230 ವೋಲ್ಟಿನಲ್ಲಿ ಸುಮಾರು 0.26 ಆಂಪಿಯರ್ ಪ್ರವಾಹವನ್ನು ಎಳೆಯುತ್ತದೆ, ಅಂದರೆ ತಂತಿಯ ಯಾವುದೇ ಒಂದು ಜಾಗವನ್ನು ಪ್ರತಿ ಸೆಕೆಂಡಿಗೆ ಸುಮಾರು 16 ಸಾವಿರ ಕೋಟಿ ಕೋಟಿ ಎಲೆಕ್ಟ್ರಾನ್‌ಗಳು ದಾಟುತ್ತವೆ. ಸಂಖ್ಯೆ ದೊಡ್ಡದೇ, ಆದರೆ ಒಂದು ಘನ ಮಿಲಿಮೀಟರ್ ತಾಮ್ರದಲ್ಲಿ ಸುಮಾರು 8.5 ಲಕ್ಷ ಕೋಟಿ ಕೋಟಿ ಸ್ವತಂತ್ರ ಎಲೆಕ್ಟ್ರಾನ್‌ಗಳಿವೆ. ಆದ್ದರಿಂದ ಒಂದು ಚದರ ಮಿಲಿಮೀಟರ್ ದಪ್ಪದ ತಂತಿಯಲ್ಲಿ ಇಡೀ ಎಲೆಕ್ಟ್ರಾನ್ ಸಮೂಹ ಸೆಕೆಂಡಿಗೆ ಮಿಲಿಮೀಟರಿನ ಐವತ್ತರಲ್ಲೊಂದು ಪಾಲು, ಗಂಟೆಗೆ ಸುಮಾರು 7 ಸೆಂಟಿಮೀಟರ್ ಜರುಗಿದರೆ ಸಾಕು. ಡ್ರಿಫ್ಟ್ ವೇಗ ಎನ್ನುವುದು ಇದನ್ನೇ. ಪ್ರವಾಹ ಒಂದೇ ದಿಕ್ಕಿನಲ್ಲಿ ಹರಿಯುತ್ತಿದ್ದರೂ, ಸ್ವಿಚ್ಚಿನಿಂದ 10 ಮೀಟರ್ ದೂರದ ಬಲ್ಬನ್ನು ಮುಟ್ಟಲು ಒಂದು ಎಲೆಕ್ಟ್ರಾನಿಗೆ ಆರು ದಿನ ಹಿಡಿಯುತ್ತಿತ್ತು.

ನಮ್ಮ ಮನೆಗಳಲ್ಲಿ ಇರುವುದು ಸೆಕೆಂಡಿಗೆ 50 ಸಲ ಹಿಂದಕ್ಕೂ ಮುಂದಕ್ಕೂ ತೂಗುವ ಎಸಿ ಪ್ರವಾಹ. ಅದರಲ್ಲಿ ಈ ಜರುಗಾಟದ ಹರವು ಮಿಲಿಮೀಟರಿನ ಐದು ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಎಲೆಕ್ಟ್ರಾನ್‌ಗಳು ನಿಂತಲ್ಲೇ ನಡುಗುತ್ತವೆ ಎಂದರೂ ತಪ್ಪಾಗದು.

ಹಾಗಾದರೆ ಬಲ್ಬಿಗೆ ಅಷ್ಟು ಬೇಗ ತಲುಪುವುದು ಏನು? ವಿದ್ಯುತ್ ಕ್ಷೇತ್ರ, ಅಂದರೆ ಎಲೆಕ್ಟ್ರಾನ್‌ಗಳನ್ನು ತಳ್ಳುವ ಬಲದ ಹರವು. ಸ್ವಿಚ್ ತೆರೆದಿರುವಾಗ, ಅಂದರೆ ಆರಿಸಿರುವಾಗ, ವೋಲ್ಟೇಜು ಅದರ ಎರಡು ತುದಿಗಳ ನಡುವಿನ ಸಣ್ಣ ಬಿರುಕಿನಲ್ಲಿ ತಡೆದು ನಿಂತಿರುತ್ತದೆ. ಬಿರುಕು ಮುಚ್ಚಿದ ಕ್ಷಣ ತಂತಿಯ ಮೇಲ್ಮೈಯಲ್ಲಿರುವ ವಿದ್ಯುದಂಶಗಳು ಕೂದಲೆಳೆಯಷ್ಟು ಅತ್ತಿತ್ತ ಸರಿಯುತ್ತವೆ, ಮತ್ತು ಈ ಬದಲಾವಣೆ ತಂತಿಯನ್ನು ಅನುಸರಿಸಿ, ಅದರ ಸುತ್ತಲಿನ ಜಾಗದಲ್ಲಿ, ಬೆಳಕಿನ ವೇಗದ ಮೂರನೆಯ ಎರಡು ಪಾಲಿನಷ್ಟು ವೇಗದಲ್ಲಿ ಹರಡುತ್ತದೆ. 10 ಮೀಟರ್ ದಾಟಲು ಅದಕ್ಕೆ ಬೇಕಾದುದು ಸೆಕೆಂಡಿನ ಎರಡು ಕೋಟಿಯಲ್ಲೊಂದು ಪಾಲು. ಫಿಲಮೆಂಟಿನಲ್ಲಿ, ಅಂದರೆ ಬಲ್ಬಿನೊಳಗೆ ಕಾದು ಬೆಳಗುವ ಟಂಗ್‌ಸ್ಟನ್ ಎಳೆಯಲ್ಲಿ, ಮೊದಲಿನಿಂದಲೂ ಇದ್ದ ಎಲೆಕ್ಟ್ರಾನ್‌ಗಳೇ ಆಗ ಅಲುಗತೊಡಗುತ್ತವೆ. ಸ್ವಿಚ್ಚಿನ ಬಳಿಯಿಂದ ಯಾರೂ ಓಡಿ ಬರಬೇಕಾಗಿಲ್ಲ. ನಲ್ಲಿ ತಿರುಗಿಸಿದ ಕೂಡಲೇ ತುದಿಯಲ್ಲಿದ್ದ ನೀರೇ ಹೊರಬರುವ, ನೀರು ತುಂಬಿದ ಪೈಪಿಗೆ ತಂತಿಯನ್ನು ಹೋಲಿಸುವುದುಂಟು. ಆ ಹೋಲಿಕೆಯನ್ನು ಇಲ್ಲಿಯವರೆಗೆ ಒಪ್ಪಬಹುದು. ಆದರೆ ಪೈಪಿನಲ್ಲಿ ಒತ್ತಡ ನೀರಿನೊಳಗೇ ಸಾಗುತ್ತದೆ, ವಿದ್ಯುತ್ತಿನಲ್ಲಿ ಶಕ್ತಿ ಬಹುಪಾಲು ತಂತಿಯ ಹೊರಗಿನ ಕ್ಷೇತ್ರದ ಮೂಲಕ ಬರುತ್ತದೆ. ಈ ವ್ಯತ್ಯಾಸವನ್ನು ಮೊದಲ ಪಾಠದಲ್ಲೇ ಹೇಳಿಬಿಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ, ಏಕೆಂದರೆ ಎಲೆಕ್ಟ್ರಾನ್‌ಗಳು ಶಕ್ತಿಯನ್ನು ಮೂಟೆ ಕಟ್ಟಿ ಹೊತ್ತು ತರುತ್ತವೆ ಎಂಬ ಚಿತ್ರ ಒಮ್ಮೆ ಮನಸ್ಸಿನಲ್ಲಿ ಕೂತರೆ ಎಸಿ ಪ್ರವಾಹ ಎಂದಿಗೂ ಅರ್ಥವಾಗುವುದಿಲ್ಲ.

ಇನ್ನು ಬೆಳಕಿನ ಮಾತು. ಕ್ಷೇತ್ರ ತಳ್ಳಿದ ಎಲೆಕ್ಟ್ರಾನ್‌ಗಳು ಟಂಗ್‌ಸ್ಟನ್ನಿನ ಕಂಪಿಸುವ ಪರಮಾಣುಗಳಿಗೆ ಡಿಕ್ಕಿ ಹೊಡೆದು ತಾವು ಪಡೆದ ಶಕ್ತಿಯನ್ನು ಅವುಗಳಿಗೆ ಒಪ್ಪಿಸುತ್ತವೆ. ಕಂಪನ ಹೆಚ್ಚುತ್ತದೆ, ಅದೇ ಉಷ್ಣತೆಯ ಏರಿಕೆ. ಪ್ರವಾಹ ತಂತಿಯಲ್ಲೂ ಫಿಲಮೆಂಟಿನಲ್ಲೂ ಒಂದೇ ಆಗಿದ್ದರೂ ತಂತಿ ತಣ್ಣಗಿರುವುದಕ್ಕೆ ಕಾರಣ ರೋಧ, ಅಂದರೆ ಪ್ರವಾಹಕ್ಕೆ ಎದುರಾಗುವ ಅಡ್ಡಿ: ಹೋಗಿಬರುವ 20 ಮೀಟರ್ ತಾಮ್ರದ ರೋಧ ಸುಮಾರು 0.34 ಓಮ್, ಉರಿಯುತ್ತಿರುವ ಫಿಲಮೆಂಟಿನದು ಸುಮಾರು 880 ಓಮ್. ಫಿಲಮೆಂಟು ಸುಮಾರು 2,500 ಡಿಗ್ರಿ ಸೆಲ್ಸಿಯಸ್‌ಗೆ ಕಾಯಲು ಸೆಕೆಂಡಿನ ಒಂದು ಸಣ್ಣ ಪಾಲು ಬೇಕು. ಸ್ವಿಚ್ ಒತ್ತಿದ ಮೇಲೆ ಆಗುವ ವಿಳಂಬವೆಲ್ಲ ಬಹುಮಟ್ಟಿಗೆ ಈ ಕಾಯುವಿಕೆಯದು, ವಿದ್ಯುತ್ತಿನ ಪಯಣದ್ದಲ್ಲ.

1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು ಎನ್ನುತ್ತೇವೆ. ಮನೆಯ ತಂತಿಯಂಥ ಹೊದಿಕೆ ಇಲ್ಲದ ಬರಿ ತಂತಿಯಲ್ಲಿ ಬೆಳಕಿನ ವೇಗಕ್ಕೆ ಸಮೀಪದಲ್ಲಿ ಸಾಗುವ ಕ್ಷೇತ್ರಕ್ಕೆ ಅದು ಸೆಕೆಂಡಿನ ಎರಡು ಸಾವಿರದಲ್ಲೊಂದು ಪಾಲಿನ ದಾರಿ. ನಡುವೆ ವೋಲ್ಟೇಜನ್ನು ಏರಿಸುವ, ಇಳಿಸುವ ಟ್ರಾನ್ಸ್‌ಫಾರ್ಮರುಗಳಿದ್ದವು, ಅವುಗಳ ಎರಡು ಸುರುಳಿಗಳು ಒಂದಕ್ಕೊಂದು ತಾಗುವುದೇ ಇಲ್ಲ. ಶಕ್ತಿ ಒಂದರಿಂದ ಇನ್ನೊಂದಕ್ಕೆ ದಾಟುವುದು ಕಾಂತಕ್ಷೇತ್ರದ ಮೂಲಕ. ಗಣಿಯ ಯಂತ್ರಗಳನ್ನು ತಿರುಗಿಸಿದ ಎಲೆಕ್ಟ್ರಾನ್‌ಗಳು ಆ ಯಂತ್ರಗಳ ತಾಮ್ರದೊಳಗೆ ಮೊದಲೇ ಇದ್ದವು.