ಹತ್ತಾದ ಮೇಲೆ ಎರಡು ಬರುವುದು ಯಾಕೆ?

ಒಂದು ಕಾಲಂನಲ್ಲಿ 1ರಿಂದ 100ರವರೆಗೆ ಅಂಕಿಗಳಿವೆ. ಚಿಕ್ಕದರಿಂದ ದೊಡ್ಡದಕ್ಕೆ ಸಾರ್ಟ್ ಮಾಡುತ್ತೀರಿ. ಮೊದಲು 1, ಆಮೇಲೆ 10, ಅದರ ಹಿಂದೆಯೇ 100, ಆಮೇಲೆ 11, 12. ಪಾಪದ 2 ಬರುವುದು 19 ಮುಗಿದ ಮೇಲೆ. ಎಕ್ಸೆಲ್‌ನಂಥ ಸ್ಪ್ರೆಡ್‌ಶೀಟ್ ಬಳಸುವ ಹೆಚ್ಚಿನವರು ಒಂದಲ್ಲ ಒಂದು ದಿನ ಇದನ್ನು ನೋಡಿರುತ್ತಾರೆ. ಸಾಫ್ಟ್‌ವೇರ್ ಕೆಟ್ಟಿದೆ ಅಂತ ಅನಿಸುತ್ತದೆ. ಅದು ಕೆಟ್ಟಿಲ್ಲ. ಅದರ ಲೆಕ್ಕದಲ್ಲಿ ಅಲ್ಲಿರುವುದು ಸಂಖ್ಯೆಗಳಲ್ಲ, ಪದಗಳು.

ನಿಘಂಟಿನಲ್ಲಿ ‘ಮರ’ ಆದ ಮೇಲೆ ‘ಮರಳು’ ಬರುತ್ತದೆ, ‘ಮಾತು’ ಅದಕ್ಕಿಂತ ಹಿಂದೆ ಉಳಿಯುತ್ತದೆ, ಅಲ್ವಾ? ಪದ ಎಷ್ಟು ಉದ್ದ ಅನ್ನುವುದು ಅಲ್ಲಿ ಮುಖ್ಯವಲ್ಲ. ಮೊದಲ ಅಕ್ಷರ ನೋಡು, ಅದು ಒಂದೇ ಆದರೆ ಎರಡನೆಯದು ನೋಡು. ಇಷ್ಟೇ ನಿಯಮ. ಅದೇ ನಿಯಮದಲ್ಲಿ 10 ಎಂಬ ‘ಪದ’ 2 ಎಂಬ ‘ಪದ’ಕ್ಕಿಂತ ಮೊದಲು ಬರಲೇಬೇಕು, ಯಾಕೆಂದರೆ ಅದು ಶುರುವಾಗುವುದು 1ರಿಂದ.

ಸಾರ್ಟಿಂಗ್‌ನ ಮುಕ್ಕಾಲು ತೊಂದರೆಗಳ ಬೇರು ಇಲ್ಲೇ ಇದೆ ಅನ್ನುವುದು ನನ್ನ ಅನುಭವ. ಪ್ರತಿ ಸೆಲ್‌ನಲ್ಲೂ, ಅಂದರೆ ಪ್ರತಿ ಚೌಕದಲ್ಲೂ, ಎರಡು ಸಂಗತಿಗಳಿರುತ್ತವೆ. ಒಳಗೆ ಕೂತಿರುವ ಬೆಲೆ ಒಂದು, ಹೊರಗೆ ಕಾಣುವ ರೂಪ ಇನ್ನೊಂದು. ನಾವು ನೋಡುವುದು ರೂಪವನ್ನು. ಸಾರ್ಟ್ ನೋಡುವುದು ಒಳಗಿನ ಬೆಲೆಯನ್ನು ಮಾತ್ರ.

ಒಳಗೆ ಏನಿದೆ ಅಂತ ತಿಳಿಯಲು ಸುಲಭದ ಗುರುತು ಒಂದಿದೆ. ನೀವಾಗಿ ಅಲೈನ್‌ಮೆಂಟ್ ಬದಲಿಸಿಲ್ಲದಿದ್ದರೆ ಸಂಖ್ಯೆಗಳು ಸೆಲ್‌ನ ಬಲಕ್ಕೆ ಒರಗುತ್ತವೆ, ಪಠ್ಯ ಎಡಕ್ಕೆ ಒರಗುತ್ತದೆ. ಅನುಮಾನವಿದ್ದರೆ ಪಕ್ಕದ ಕಾಲಂನಲ್ಲಿ ಇಸ್‌ನಂಬರ್ ಫಾರ್ಮುಲಾ ಹಾಕಿ ನೋಡಿ. ಒಳಗಿರುವುದು ಸಂಖ್ಯೆಯೇ ಎಂಬುದಕ್ಕೆ ಅದು ನಿಜ ಅಥವಾ ಸುಳ್ಳು ಅಂತ ನೇರವಾಗಿ ಹೇಳುತ್ತದೆ. ವೆಬ್ ಪುಟದಿಂದ ಕಾಪಿ ಮಾಡಿದ್ದು, ಬೇರೆ ಸಾಫ್ಟ್‌ವೇರ್‌ನಿಂದ ಇಳಿಸಿಕೊಂಡದ್ದು ಪಠ್ಯವಾಗಿಯೇ ಬಂದು ಕೂರುವುದು ಜಾಸ್ತಿ.

ಇಲ್ಲಿ ಹಲವರು ಎಡವುವ ಜಾಗ ಒಂದಿದೆ. ಸೆಲ್‌ನ ಫಾರ್ಮ್ಯಾಟ್ ಅನ್ನು ‘ನಂಬರ್’ ಅಂತ ಬದಲಿಸಿ, ಕೆಲಸ ಆಯಿತು ಅಂದುಕೊಳ್ಳುತ್ತಾರೆ. ಎಕ್ಸೆಲ್‌ನಲ್ಲಿ ಅದರಿಂದ ಬದಲಾಗುವುದು ಬರೀ ಅಂಗಿ. ಒಳಗಿನ ಪಠ್ಯ ಪಠ್ಯವಾಗಿಯೇ ಉಳಿಯುತ್ತದೆ. ವ್ಯಾಲ್ಯೂ ಫಾರ್ಮುಲಾದಿಂದ ಪರಿವರ್ತಿಸಬೇಕು. ಇಲ್ಲವೇ ಖಾಲಿ ಸೆಲ್‌ನಲ್ಲಿ 1 ಬರೆದು, ಅದನ್ನು ಕಾಪಿ ಮಾಡಿ, ಪೇಸ್ಟ್ ಸ್ಪೆಷಲ್‌ನಲ್ಲಿ ಗುಣಾಕಾರ ಆರಿಸಿ ಇಡೀ ಕಾಲಂ ಮೇಲೆ ಹಾಕಬೇಕು. ಗುಣಿಸಬೇಕಾದರೆ ಅದು ಸಂಖ್ಯೆಯಾಗಲೇಬೇಕಲ್ಲ.

ಕಾಲಂನಲ್ಲಿ ಅರ್ಧ ಸಂಖ್ಯೆ, ಅರ್ಧ ಪಠ್ಯ ಇದ್ದರೆ ಲಕ್ಷಣವೇ ಬೇರೆ. ಎಕ್ಸೆಲ್ ಏರಿಕೆ ಕ್ರಮದಲ್ಲಿ ಮೊದಲು ಎಲ್ಲ ಸಂಖ್ಯೆಗಳನ್ನೂ ಇಡುತ್ತದೆ, ಆಮೇಲೆ ಪಠ್ಯ, ಆಮೇಲೆ ನಿಜ-ಸುಳ್ಳು ಬೆಲೆಗಳು, ಆಮೇಲೆ ಎರರ್‌ಗಳು. ಖಾಲಿ ಸೆಲ್‌ಗಳು ಏರಿಕೆಯಲ್ಲೂ ಇಳಿಕೆಯಲ್ಲೂ ಕೊನೆಗೇ ಹೋಗುತ್ತವೆ. ಹಾಗಾಗಿ ಒಂದೇ ಕಾಲಂನಲ್ಲಿ ಎರಡು ಪಟ್ಟಿ ಒಂದರ ಕೆಳಗೊಂದು ಜೋಡಿಸಿದಂತೆ ಕಾಣುತ್ತದೆ. ಕ್ರಮ ಒಮ್ಮೆ ಮುಗಿದು ಮತ್ತೆ ಮೊದಲಿಂದ ಶುರುವಾದರೆ ಕಾಲಂ ಬೆರಕೆಯಾಗಿದೆ ಅಂತಲೇ ಲೆಕ್ಕ.

ಹಾಗಂತ ಅಂಕಿಗಳಿರುವುದೆಲ್ಲ ಸಂಖ್ಯೆಯಲ್ಲ. ಫೋನ್ ನಂಬರನ್ನು ಯಾರೂ ಕೂಡುವುದಿಲ್ಲ, ಗುಣಿಸುವುದಿಲ್ಲ. ಅದನ್ನು ಸಂಖ್ಯೆ ಮಾಡಿದರೆ ಶುರುವಿನ ಸೊನ್ನೆ ಬಿದ್ದುಹೋಗುತ್ತದೆ. 16 ಅಂಕಿಯ ಗುರುತಿನ ಸಂಖ್ಯೆಯಾದರೆ ಹಾನಿ ಇನ್ನೂ ದೊಡ್ಡದು. ಎಕ್ಸೆಲ್ ನೆನಪಿಡುವುದು 15 ಅಂಕಿಗಳನ್ನು ಮಾತ್ರ, ಹದಿನಾರನೆಯದು ಸೊನ್ನೆಯಾಗುತ್ತದೆ. ಇಂಥವನ್ನು ಪಠ್ಯವಾಗಿಯೇ ಇಡಿ. ಎ1, ಎ2, ಎ10 ಥರದ ಗುರುತುಗಳಿದ್ದರೆ ಎ01, ಎ02, ಎ10 ಅಂತ ಉದ್ದ ಸಮ ಮಾಡಿ, ಕ್ರಮ ತಾನಾಗಿ ಸರಿಹೋಗುತ್ತದೆ.

ಇನ್ನು ತಾರೀಕು. ನನಗೆ ಇದು ಈ ವಿಷಯದಲ್ಲೇ ಅತಿ ಕುತೂಹಲದ ಭಾಗ. ಎಕ್ಸೆಲ್‌ಗೆ ತಾರೀಕು ಅಂದರೆ ದಿನಗಳ ಎಣಿಕೆ. 1900ರ ಜನವರಿ 1 ಅದಕ್ಕೆ 1. 2000ದ ಜನವರಿ 1 ಅದಕ್ಕೆ 36526. ನಮಗೆ ಕಾಣುವ ದಿನ, ತಿಂಗಳು, ವರ್ಷ ಎಲ್ಲ ಹೊರಗಿನ ರೂಪ. ಈ ಎಣಿಕೆಯಲ್ಲಿ 60ನೇ ದಿನ 1900ರ ಫೆಬ್ರವರಿ 29. ಆದರೆ 1900 ಅಧಿಕ ವರ್ಷವೇ ಅಲ್ಲ, ಅಂಥ ದಿನ ಇರಲೇ ಇಲ್ಲ! ಮೊದಲು ಈ ತಪ್ಪು ಇದ್ದದ್ದು ಲೋಟಸ್ 1-2-3 ಎಂಬ ಹಳೆಯ ಸ್ಪ್ರೆಡ್‌ಶೀಟ್‌ನಲ್ಲಿ. ಅದರ ಫೈಲ್‌ಗಳ ಜೊತೆ ಹೊಂದಿಕೊಳ್ಳಲಿ ಅಂತ ಎಕ್ಸೆಲ್ ಕೂಡ ಅದನ್ನು ಹಾಗೇ ಉಳಿಸಿಕೊಂಡಿತು. 1900ಕ್ಕಿಂತ ಹಿಂದಿನ ತಾರೀಕುಗಳಿಗೆ ಈ ಎಣಿಕೆಯಲ್ಲಿ ಜಾಗವೇ ಇಲ್ಲ. ಅವು ಪಠ್ಯವಾಗುತ್ತವೆ. ಚರಿತ್ರೆಯ ಘಟನೆಗಳ ಪಟ್ಟಿ ಮಾಡುವವರು ವರ್ಷ, ತಿಂಗಳು, ದಿನಕ್ಕೆ ಬೇರೆ ಬೇರೆ ಕಾಲಂ ಇಟ್ಟುಕೊಳ್ಳುವುದೇ ವಾಸಿ.

ದಿನ ಮೊದಲು ಬರೆಯುವ ಪದ್ಧತಿಯ ಫೈಲನ್ನು ತಿಂಗಳು ಮೊದಲು ಓದುವ ಕಂಪ್ಯೂಟರ್‌ನಲ್ಲಿ ತೆರೆದರೆ ಏನಾಗುತ್ತದೆ ನೋಡಿ. 03/04/2024 ಅಂದರೆ ಏಪ್ರಿಲ್ 3. ಕಂಪ್ಯೂಟರ್ ಅದನ್ನು ಮಾರ್ಚ್ 4 ಅಂತ ಓದುತ್ತದೆ. 25/04/2024 ಬಂದಾಗ 25ನೇ ತಿಂಗಳು ಇಲ್ಲವಾದ್ದರಿಂದ ಅದನ್ನು ಪಠ್ಯವಾಗಿ ಬಿಟ್ಟುಬಿಡುತ್ತದೆ. ಅಂದರೆ ದಿನ 12ರೊಳಗಿನ ತಾರೀಕುಗಳಲ್ಲಿ ದಿನ, ತಿಂಗಳು ಅದಲುಬದಲಾಗಿ ಮೇಲೆ ಕೂರುತ್ತವೆ, 13 ಮತ್ತು ಅದರ ನಂತರದವು ಪಠ್ಯವಾಗಿ ಕೆಳಗೆ ಸೇರುತ್ತವೆ. ಕೆಳಗಿನವು ಎಡಕ್ಕೆ ಒರಗಿರುವುದರಿಂದ ಕಣ್ಣಿಗೆ ಬೀಳುತ್ತವೆ. ಮೇಲಿನವು ಬೀಳುವುದಿಲ್ಲ, ಅಪಾಯ ಇರುವುದು ಅವುಗಳಲ್ಲೇ. ಕೆಳಗಿನವನ್ನು ಮಾತ್ರ ಸರಿಪಡಿಸಿ ಸುಮ್ನೆ ಆಗಬೇಡಿ. ಮೂಲ ಫೈಲಿಗೆ ವಾಪಸ್ ಹೋಗಿ, ಒಳಗೆ ತರುವಾಗಲೇ ಈ ಕಾಲಂ ದಿನ-ತಿಂಗಳು-ವರ್ಷ ಕ್ರಮದಲ್ಲಿದೆ ಅಂತ ಹೇಳಿಕೊಡಿ.

ಕಂಡದ್ದನ್ನೆಲ್ಲ ತಾರೀಕು ಅಂತ ಓದುವ ಈ ಆತುರ ವಿಜ್ಞಾನಿಗಳನ್ನೂ ಕಾಡಿದೆ. ಮನುಷ್ಯರ ಜೀನ್‌ಗಳಲ್ಲಿ ಸೆಪ್ಟ್2, ಮಾರ್ಚ್1 ಎಂಬ ಹೆಸರಿನವು ಇದ್ದವು. ಎಕ್ಸೆಲ್ ಅವುಗಳನ್ನು ಸೆಪ್ಟೆಂಬರ್ 2, ಮಾರ್ಚ್ 1 ಅಂತ ಬದಲಿಸಿಬಿಡುತ್ತಿತ್ತು. ಜೀನ್ ಪಟ್ಟಿಗಳನ್ನು ಎಕ್ಸೆಲ್ ಫೈಲ್‌ನಲ್ಲಿ ಕೊಟ್ಟ ಸಂಶೋಧನಾ ಲೇಖನಗಳಲ್ಲಿ ಸುಮಾರು ಐದರಲ್ಲಿ ಒಂದರಲ್ಲಿ ಇಂಥ ತಪ್ಪುಗಳಿವೆ ಅಂತ 2016ರ ಅಧ್ಯಯನವೊಂದು ತೋರಿಸಿತು. ಕೊನೆಗೆ ಬದಲಾದದ್ದು ಜೀನ್‌ಗಳ ಹೆಸರೇ. ಸೆಪ್ಟ್2 ಈಗ ಸೆಪ್ಟಿನ್2. ಹೆಸರಿಡುವ ಸಮಿತಿ 2020ರಲ್ಲಿ ಈ ಬಗ್ಗೆ ಹೊಸ ಮಾರ್ಗಸೂಚಿ ಪ್ರಕಟಿಸಿತು. ತಾನಾಗಿ ಬದಲಿಸುವುದನ್ನು ನಿಲ್ಲಿಸುವ ಆಯ್ಕೆಯನ್ನು ಮೈಕ್ರೋಸಾಫ್ಟ್ 2023ರಲ್ಲಿ ಎಲ್ಲರಿಗೂ ಕೊಟ್ಟಿತು.

ಕಣ್ಣಿಗೆ ಕಾಣದ ಅಕ್ಷರಗಳೂ ಇವೆ. ಹೆಸರಿನ ಶುರುವಿನಲ್ಲಿ ಒಂದು ಸ್ಪೇಸ್ ಇದ್ದರೆ ಸಾಕು, ಆ ಹೆಸರು ಪಟ್ಟಿಯ ಮೇಲ್ತುದಿಗೆ ಹತ್ತುತ್ತದೆ. ಟ್ರಿಮ್ ಫಾರ್ಮುಲಾ ಮಾಮೂಲಿ ಸ್ಪೇಸ್ ತೆಗೆಯುತ್ತದೆ. ಆದರೆ ವೆಬ್ ಪುಟಗಳಿಂದ ಬರುವ, 160 ಎಂಬ ಸಂಕೇತದ ಇನ್ನೊಂದು ಬಗೆಯ ಸ್ಪೇಸ್‌ಗೆ ಅದು ಕೈ ಹಚ್ಚುವುದಿಲ್ಲ. ಅದನ್ನು ಸಬ್‌ಸ್ಟಿಟ್ಯೂಟ್ ಫಾರ್ಮುಲಾದಿಂದ ತೆಗೆಯಬೇಕು. ಕನ್ನಡದಲ್ಲಿ ಬರೆದ ಪಟ್ಟಿಗಳಲ್ಲಿ ಅರ್ಧಾಕ್ಷರದ ಪಕ್ಕ ಅಗಲವೇ ಇಲ್ಲದ ಒಂದು ಗುರುತು ಸೇರಿಕೊಂಡಿರುವುದುಂಟು. ಪದದ ಕೊನೆಯಲ್ಲಿದ್ದರೆ ಅದು ಕಾಣುವುದೇ ಇಲ್ಲ. ಒಂದೇ ಹೆಸರು ಎರಡು ಥರ ಎಣಿಕೆಯಾದರೆ ಲೆನ್ ಫಾರ್ಮುಲಾದಿಂದ ಉದ್ದ ಅಳೆದು ನೋಡಿ. ಒಂದರ ಉದ್ದ ಜಾಸ್ತಿ ಬಂದರೆ ಅಲ್ಲಿ ಏನೋ ಅಡಗಿದೆ.

ಇಲ್ಲಿಯವರೆಗಿನವು ಕ್ರಮ ತಪ್ಪುವ ತೊಂದರೆಗಳು. ಇದಕ್ಕಿಂತ ಕೆಟ್ಟದ್ದು ಸಾಲು ಒಡೆಯುವುದು. ಹಿಂದೊಮ್ಮೆ ಹೆಸರು, ಅಂಕಗಳ ಪಟ್ಟಿಯಲ್ಲಿ ಅಂಕಗಳ ಕಾಲಂ ಒಂದನ್ನೇ ಆರಿಸಿ ಸಾರ್ಟ್ ಮಾಡಿದ್ದೆ. ಅಂಕಗಳು ಚೆಂದವಾಗಿ ಜೋಡಿಸಿಕೊಂಡವು. ಹೆಸರುಗಳು ಮಾತ್ರ ಇದ್ದಲ್ಲೇ ಇದ್ದವು. ಒಬ್ಬರ ಅಂಕ ಇನ್ನೊಬ್ಬರ ಪಾಲಾಗಿತ್ತು, ಆದರೆ ಪಟ್ಟಿ ನೋಡಿದರೆ ಯಾವ ತಪ್ಪೂ ಕಾಣುತ್ತಿರಲಿಲ್ಲ. ಇಂಥ ಹೊತ್ತಲ್ಲಿ ಎಕ್ಸೆಲ್ ಆಯ್ಕೆಯನ್ನು ವಿಸ್ತರಿಸಲೇ ಅಂತ ಕೇಳುತ್ತದೆ. ಆ ಪ್ರಶ್ನೆಯನ್ನು ಓದದೆ ಒತ್ತಬೇಡಿ. ಮಧ್ಯೆ ಪೂರ್ತಿ ಖಾಲಿಯಾದ ಕಾಲಂ ಇದ್ದರೆ ಪಟ್ಟಿ ಅಲ್ಲಿಗೇ ಮುಗಿಯಿತು ಅಂತ ಸಾಫ್ಟ್‌ವೇರ್ ಊಹಿಸುತ್ತದೆ, ಆಚೆಗಿನ ಕಾಲಂಗಳು ಅಲ್ಲಾಡುವುದಿಲ್ಲ. ಖಾಲಿ ಸಾಲಿದ್ದರೂ ಹಾಗೇ, ಅದರ ಕೆಳಗಿನ ಭಾಗ ಸಾರ್ಟ್ ಆಗದೆ ಉಳಿಯುತ್ತದೆ. ಫಿಲ್ಟರ್ ಹಾಕಿದ್ದರೆ ಮರೆಯಾದ ಸಾಲುಗಳು ಕದಲುವುದಿಲ್ಲ. ಮರ್ಜ್ ಮಾಡಿದ, ಅಂದರೆ ಹಲವನ್ನು ಸೇರಿಸಿ ಒಂದು ಮಾಡಿದ ಸೆಲ್‌ಗಳನ್ನಂತೂ ಸಾರ್ಟ್ ಮಾಡಬೇಕಾದ ಪಟ್ಟಿಯಲ್ಲಿ ಇಡಲೇಬಾರದು ಅನ್ನುತ್ತೇನೆ.

ಫಾರ್ಮುಲಾಗಳ ಬಗ್ಗೆಯೂ ಎಚ್ಚರ ಬೇಕು. ಮೇಲಿನ ಸಾಲಿನ ಬಾಕಿಗೆ ಈ ಸಾಲಿನ ಮೊತ್ತ ಕೂಡಿಸುವಂಥ ಲೆಕ್ಕವಿದ್ದರೆ, ಸಾರ್ಟ್ ಆದ ಮೇಲೆ ‘ಮೇಲಿನ ಸಾಲು’ ಬೇರೆಯದಾಗಿರುತ್ತದೆ. ಹಳೆಯ ಬಾಕಿಗಳು ಹಾಗೇ ಉಳಿಯಬೇಕಿದ್ದರೆ ಮೊದಲು ಅವನ್ನು ಬರೀ ಬೆಲೆಗಳಾಗಿ ಪೇಸ್ಟ್ ಮಾಡಿಕೊಳ್ಳಿ.

ನಾನೀಗ ದೊಡ್ಡ ಪಟ್ಟಿಯನ್ನು ಮುಟ್ಟುವ ಮೊದಲು ಪಕ್ಕದಲ್ಲಿ ಒಂದು ಕಾಲಂ ಸೇರಿಸಿ, 1ರಿಂದ ಕೊನೆಯವರೆಗೆ ಅಂಕಿ ತುಂಬುತ್ತೇನೆ. ಫಾರ್ಮುಲಾ ಅಲ್ಲ, ಬರೀ ಅಂಕಿ. ಸಾಲುಗಳು ಒಡೆಯದಿದ್ದರೆ ಯಾವಾಗ ಬೇಕಾದರೂ ಆ ಕಾಲಂನಿಂದ ಸಾರ್ಟ್ ಮಾಡಿ ಹಳೆಯ ಕ್ರಮಕ್ಕೆ ಮರಳಬಹುದು. ಒಡೆದಿವೆಯೋ ಇಲ್ಲವೋ ಅಂತ ತಿಳಿಯಲು ಮೂರು ಸಾಲುಗಳನ್ನು ಮೊದಲೇ ಕಾಗದದಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ಸಾರ್ಟ್ ಆದ ಮೇಲೆ ಆ ಮೂರನ್ನೂ ಹುಡುಕಿ, ಒಂದೊಂದೇ ಸೆಲ್ ಹೋಲಿಸಿ ನೋಡುತ್ತೇನೆ. ಫೈಲ್ ಸೇವ್ ಮಾಡುವುದು ಅದಾದ ಮೇಲೆಯೇ.