ಬ್ಯಾಟರಿಯ ಹನ್ನೆರಡು ವೋಲ್ಟು ಕಾಯಿಲಿಗೆ ಮುಟ್ಟುವುದಿಲ್ಲ ಏಕೆ?

‘ಸೆಲ್ಫ್ ಹೊಡೀತೈತಿ, ಗಾಡಿ ಮಾತ್ರ ಚಾಲೂ ಆಗವಲ್ದು.’ ವಿಜಯಪುರದ ಮಟಮಟ ಮಧ್ಯಾಹ್ನ ಹಳೆಯ ಮಾರುತಿ ವ್ಯಾನನ್ನು ಗ್ಯಾರೇಜಿಗೆ ಎಳೆದು ತಂದವರು ಹೇಳುವ ಮಾತಿದು. ಆಗ ಮೊದಲು ಹೊಸ ಕಾಯಿಲ್ (ಬ್ಯಾಟರಿಯ ವೋಲ್ಟನ್ನು ಕಿಡಿ ಹಾರುವಷ್ಟು ಏರಿಸುವ ತಂತಿಸುರುಳಿ) ಬೀಳುತ್ತದೆ, ಆಮೇಲೆ ಕಿಡಿ ಹಾರಿಸುವ ಪ್ಲಗ್, ಕೊನೆಗೆ ಬ್ಯಾಟರಿ. ಮೂರೂ ಬದಲಾದ ಮೇಲೂ ಗಾಡಿ ಮತ್ತೆ ನಿಂತರೆ ಅನುಮಾನ ಪಡಬೇಕಾದದ್ದು ಇವುಗಳ ನಡುವಿನ ವೈರು, ಜೋಡಣೆ, ಕೀಲಿ ಸ್ವಿಚ್ಚುಗಳನ್ನು.

ಮುಂದಿನ ಸೀಟಿನ ಕೆಳಗೆ 796 ಸಿಸಿಯ ಮೂರು ಸಿಲಿಂಡರಿನ ಎಂಜಿನ್ ಹೊತ್ತ ಈ ವ್ಯಾನು 1984ರಲ್ಲಿ ಬಂತು. ಓಮ್ನಿ ಎಂಬ ಹೆಸರು ಆಮೇಲಿನದು. ಕಾರ್ಬೊರೇಟರ್ ಕಾಲದ ಗಾಡಿಗಳಲ್ಲಿ ಕಿಡಿ ಹುಟ್ಟುವುದು ಫ್ಯಾರಡೆ 1831ರಲ್ಲಿ ಕಂಡುಕೊಂಡ ನಿಯಮದಿಂದ. ಎಂಜಿನ್ ತಿರುಗಿದಂತೆ ಮುಚ್ಚಿ ಬಿಚ್ಚುವ ಸಣ್ಣ ಸ್ವಿಚ್ಚೇ ಪಾಯಿಂಟ್. ಅದು ಮುಚ್ಚಿದಾಗ ಕಾಯಿಲಿನ ದಪ್ಪ ಸುತ್ತಿನಲ್ಲಿ ಕರೆಂಟ್ ಹರಿದು ಕಾಂತಕ್ಷೇತ್ರ ಬೆಳೆಯುತ್ತದೆ. ಪಾಯಿಂಟ್ ಬಿಚ್ಚಿದ ಕ್ಷಣ ಆ ಕ್ಷೇತ್ರ ಕುಸಿದು, ಸಣ್ಣ ತಂತಿಯ ಸಾವಿರಾರು ಸುತ್ತುಗಳಲ್ಲಿ ಹದಿನೈದು ಇಪ್ಪತ್ತು ಸಾವಿರ ವೋಲ್ಟ್ ಏಳುತ್ತದೆ. ಪಾಯಿಂಟಿನಲ್ಲಿ ಕಿಡಿ ಹಾರದಂತೆ ತಡೆಯುವ ಕಂಡೆನ್ಸರ್ ಕೆಟ್ಟರೆ ಕಿಡಿ ಪಾಯಿಂಟಿನಲ್ಲೇ ಹಾರಿ ಅದನ್ನು ಸುಡುತ್ತದೆ. ಪ್ಲಗ್ಗಿಗೆ ಉಳಿಯುವುದು ಬಡಕಲು ಹಳದಿ ಕಿಡಿ.

ಇಲ್ಲೊಂದು ಲೆಕ್ಕವಿದೆ. ಕಾಯಿಲಿನಲ್ಲಿ ಕೂಡುವ ಶಕ್ತಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಇರುತ್ತದೆ. 3 ಓಮ್ ಕಾಯಿಲಿಗೆ ಪೂರಾ 12 ವೋಲ್ಟ್ ಸಿಕ್ಕರೆ 4 ಆಂಪಿಯರ್ ಹರಿಯುತ್ತದೆ. ದಾರಿಯಲ್ಲಿ ಕಿಲುಬು ಹಿಡಿದ ಒಂದು ಜೋಡಣೆ ಬರೀ ಅರ್ಧ ಓಮ್ ತಡೆ ಒಡ್ಡಿದರೂ ಕರೆಂಟ್ 3.4ಕ್ಕೆ ಇಳಿದು, ಶಕ್ತಿಯಲ್ಲಿ ಕಾಲುಭಾಗ ಮಾಯ. ಸೆಲ್ಫ್ ಎಳೆಯುವಾಗ ಬ್ಯಾಟರಿ 10 ವೋಲ್ಟಿಗೆ ಕುಸಿದರಂತೂ ಉಳಿಯುವುದು ಅರ್ಧ. ಅದರ ಮೇಲೆ ನಮ್ಮ ಬಿಸಿಲು ಬೇರೆ. ತಾಮ್ರದ ತಡೆ ಪ್ರತಿ ಡಿಗ್ರಿಗೆ ಶೇಕಡಾ 0.39ರಷ್ಟು ಏರುತ್ತದೆ. 20 ಡಿಗ್ರಿಯಲ್ಲಿ 3 ಓಮ್ ಇದ್ದ ಕಾಯಿಲ್ 90 ಡಿಗ್ರಿ ಮುಟ್ಟಿದರೆ 3.8 ಓಮ್ ಆಗುತ್ತದೆ. ಮುಂಜಾನೆ ಒಂದೇ ಏಟಿಗೆ ಎದ್ದ ಗಾಡಿ ಮಧ್ಯಾಹ್ನ ಹಟ ಹಿಡಿಯಲು ಇಷ್ಟು ಸಾಕು.

ವೋಲ್ಟ್ ಅಳೆಯುವ ಮೀಟರ್ ಕೈಗೆತ್ತಿಕೊಳ್ಳುವ ಮೊದಲು 12 ವೋಲ್ಟಿನ ಒಂದು ಸಣ್ಣ ಬಲ್ಬಿಗೆ ಎರಡು ವೈರು ಬೆಸೆದುಕೊಳ್ಳಿ. ಒಂದು ತುದಿ ಎಂಜಿನ್ನಿನ ಬರಿ ಕಬ್ಬಿಣಕ್ಕೆ, ಇನ್ನೊಂದು ಕಾಯಿಲಿನ ಪ್ಲಸ್‌ಗೆ. ಕೀಲಿ ತಿರುವಿದಾಗ ಬಲ್ಬ್ ಹತ್ತಬೇಕು, ಸೆಲ್ಫ್ ಹೊಡೆಯುವಾಗಲೂ ಹತ್ತಿರಬೇಕು. ಇನ್ನು ಅದೇ ತುದಿಯನ್ನು ಮೈನಸ್‌ಗೆ ಹಿಡಿದು ಸೆಲ್ಫ್ ಹೊಡೆಸಿ. ಮಿಣಮಿಣ ಎಂದರೆ ಪಾಯಿಂಟ್ ಕೆಲಸ ಮಾಡುತ್ತಿದೆ. ಒಂದೇ ಸಮನೆ ಹತ್ತಿದ್ದರೆ ಪಾಯಿಂಟ್ ಮುಚ್ಚುತ್ತಿಲ್ಲ. ಹತ್ತುವುದೇ ಇಲ್ಲವೆಂದರೆ ಪಾಯಿಂಟ್ ಬಿಚ್ಚುತ್ತಿಲ್ಲ, ಕಂಡೆನ್ಸರ್ ಶಾರ್ಟ್ ಆಗಿದೆ ಅಥವಾ ಕಾಯಿಲಿನ ಒಳತಂತಿ ಹರಿದಿದೆ.

ಪ್ಲಸ್‌ನಲ್ಲಿ ಬಲ್ಬ್ ಮಂಕಾದರೆ ಈಗ ಮೀಟರ್. ಪಾಯಿಂಟ್ ಮುಚ್ಚಿರುವಂತೆ ಎಂಜಿನ್ ನಿಲ್ಲಿಸಿ, ಕೀಲಿ ಹಾಕಿ, ಕೆಂಪು ತುದಿಯನ್ನು ಬ್ಯಾಟರಿಯ ಪ್ಲಸ್‌ಗೂ ಕಪ್ಪು ತುದಿಯನ್ನು ಕಾಯಿಲಿನ ಪ್ಲಸ್‌ಗೂ ಇಡಿ. ಅಲ್ಲಿ ಕಾಣುವುದು ದಾರಿಯಲ್ಲಿ ಕಳೆದುಹೋದ ವೋಲ್ಟ್. ಅರ್ಧ ವೋಲ್ಟಿಗಿಂತ ಕಡಿಮೆ ಇದ್ದರೆ ಚಿಂತೆಯಿಲ್ಲ. ಒಂದೂವರೆ ಎರಡು ಬಂದರೆ ಕಪ್ಪು ತುದಿಯನ್ನು ಫ್ಯೂಸ್, ಕೀಲಿ ಸ್ವಿಚ್, ವೈರು ಸೇರಿಸುವ ಕಪ್ಲರ್ ಎಂದು ಒಂದೊಂದೇ ಹಿಂದಕ್ಕೆ ಸರಿಸುತ್ತ ಬನ್ನಿ. ಅಂಕಿ ಎಲ್ಲಿ ದಿಢೀರನೆ ಇಳಿಯುತ್ತದೋ, ಈಗಷ್ಟೇ ದಾಟಿ ಬಂದ ಆ ತುಂಡಿನಲ್ಲೇ ಕಳ್ಳ. ಕರೆಂಟ್ ಹರಿಯದೇ ಇರುವಾಗ ಕಾಯಿಲಿನ ಪ್ಲಸ್‌ಗೂ ಎಂಜಿನ್ನಿಗೂ ನಡುವೆ ಅಳೆದರೆ ಕೆಟ್ಟ ಜೋಡಣೆಯೂ 12 ವೋಲ್ಟನ್ನೇ ತೋರಿಸಿ ಯಾಮಾರಿಸುತ್ತದೆ. ಒಂದೆರಡು ನಿಮಿಷದಲ್ಲಿ ಮುಗಿಸಿ, ಇಲ್ಲವಾದರೆ ಕಾಯಿಲ್ ಕಾಯುತ್ತದೆ. ಬ್ಯಾಟರಿಯ ಮೈನಸ್‌ಗೂ ಎಂಜಿನ್ನಿಗೂ ನಡುವೆ ಸೆಲ್ಫ್ ಹೊಡೆಯುವಾಗ ಇದೇ ರೀತಿ ಅಳೆಯಿರಿ. ಅರ್ಧ ವೋಲ್ಟ್ ದಾಟಿದರೆ ಅರ್ಥಿಂಗ್ ಪಟ್ಟಿ ಬಿಚ್ಚಿ, ಬಣ್ಣ ತುಕ್ಕು ಕೆರೆದು ಬಿಗಿ ಮಾಡಿ.

ಹಳೆಯ ವ್ಯಾನುಗಳಲ್ಲಿ ಕಳ್ಳ ಸಿಗುವ ಜಾಗ ಎರಡು. ಒಂದು, ಕೀಲಿ ಸ್ವಿಚ್ಚಿನ ಸುಟ್ಟ ಹಿತ್ತಾಳೆ ಬಿಲ್ಲೆ. ಕೀಲಿ ಅಲುಗಿಸಿದಾಗ ಬಲ್ಬ್ ಮಿಟುಕಿದರೆ ಅದೇ. ಇನ್ನೊಂದು, ಯಾವುದೋ ಕಾಲದಲ್ಲಿ ಗಾಡಿ ಕಳುವಾಗದಿರಲೆಂದು ಯಾರೋ ಬಚ್ಚಿಟ್ಟು ಕೂರಿಸಿದ ಚೋರ್ ಸ್ವಿಚ್. ಹೊಸೆದು ಟೇಪ್ ಸುತ್ತಿದ ಅದರ ಜೋಡಣೆಯಲ್ಲಿ ಬೇಸಿಗೆಗೆ ಅಂಟು ಕರಗಿ, ಎರೆಮಣ್ಣಿನ ಧೂಳು ಸೇರಿ ತಂತಿ ಕಪ್ಪಾಗಿರುತ್ತದೆ. ಕಳ್ಳರಿಗೆಂದು ಹಾಕಿದ್ದು ಮಾಲೀಕನನ್ನೇ ಕಾಡುತ್ತದೆ!

ಸ್ವಿಚ್ ಸವೆದಿದ್ದರೆ ನಾಲ್ಕು ಪಿನ್ನಿನ 30 ಆಂಪಿಯರ್ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್) ಒಳ್ಳೆಯ ಉಪಾಯ. ಬ್ಯಾಟರಿಯಿಂದ 10 ಆಂಪಿಯರ್ ಫ್ಯೂಸ್ ಮೂಲಕ 30 ಎಂದು ಬರೆದ ಪಿನ್ನಿಗೆ, 87ನೇ ಪಿನ್ನಿನಿಂದ ಕಾಯಿಲ್ ಪ್ಲಸ್‌ಗೆ, ಹಳೆಯ ಕೀಲಿ ವೈರು 86ಕ್ಕೆ, 85 ಅರ್ಥಿಂಗ್‌ಗೆ. ಆಗ ಸ್ವಿಚ್ ಹೊರುವುದು ರಿಲೇ ಎಳೆಯುವಷ್ಟೇ ಕರೆಂಟ್. ಆದರೆ ಕಾಯಿಲಿಗೆ ಮೊದಲೇ ಕರೆಂಟಿಗೆ ಮಿತಿ ಹಾಕುವ ಬಲಾಸ್ಟ್ ರೆಸಿಸ್ಟರ್ ಇದ್ದರೆ ಅದನ್ನು ದಾಟಿಸಿ ವೈರು ಎಳೆಯಬೇಡಿ, ಕಾಯಿಲ್ ಸುಡುತ್ತದೆ. ಅಂಥ ಗಾಡಿಯಲ್ಲಿ ಮೇಲಿನ ಅಳತೆಯನ್ನೂ ರೆಸಿಸ್ಟರ್‌ನ ಬ್ಯಾಟರಿ ಕಡೆಯ ತುದಿವರೆಗೆ ಮಾತ್ರ ನೋಡಿ.

ಪಾಯಿಂಟ್ ಅಂತರ ಸಾಮಾನ್ಯವಾಗಿ 0.4ರಿಂದ 0.5 ಮಿಲಿಮೀಟರ್. ಸಂದಿನ ಅಗಲ ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜಿನಿಂದಲೇ ಅಳೆಯಿರಿ, ಬ್ಲೇಡು ಬಸ್ ಟಿಕೇಟು ಲೆಕ್ಕಕ್ಕಿಲ್ಲ. ಉಪ್ಪುಕಾಗದ ತಿಕ್ಕಿದರೆ ಮರಳ ಕಣ ಉಳಿದು ಮತ್ತೆ ತಡೆ. ಸಣ್ಣ ಚಪ್ಪಟೆ ಅರ ಸಾಕು.

ಬೆಳಗಾವಿ, ಖಾನಾಪುರದ ಮಳೆಯಲ್ಲಿ ರೋಗದ ಗುಣವೇ ಬೇರೆ. ಅಲ್ಲಿ ಹನ್ನೆರಡು ವೋಲ್ಟು ಸರಿಯಿದ್ದರೂ ಹದಿನೈದು ಸಾವಿರ ವೋಲ್ಟು, ಅದನ್ನು ಪ್ಲಗ್ಗುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರ್‌ನ ಮುಚ್ಚಳದ ತೇವದ ಮೇಲೆ ಜಾರಿಹೋಗುತ್ತದೆ. ರಾತ್ರಿ ಕತ್ತಲಲ್ಲಿ ಸೀಟು ಎತ್ತಿ ನೋಡಿದರೆ ನೀಲಿ ಕಿಡಿ ಕಾಣುತ್ತದೆ. ಒಣಬಟ್ಟೆಯಿಂದ ಒರೆಸಿದರೆ ಆ ದಿನ ಊರು ಸೇರಬಹುದು. ಆದರೆ ಒಳಗೆ ಪೆನ್ಸಿಲ್ ಗೀಟಿನಂಥ ಇಂಗಾಲದ ಗೆರೆ ಮೂಡಿದ್ದರೆ ಮುಚ್ಚಳ ಬದಲಿಸುವುದೊಂದೇ ದಾರಿ.

ಬಿಸಿಲಲ್ಲಿ ನಿಂತ ಗಾಡಿಯ ಕಾಯಿಲಿಗೆ ಒದ್ದೆಬಟ್ಟೆ ಸುತ್ತುವ ರೂಢಿ ನಮ್ಮಲ್ಲಿದೆ. ಹತ್ತು ನಿಮಿಷಕ್ಕೆ ಗಾಡಿ ಎದ್ದರೆ ಕಾಯಿಲ್ ಹೋಗಿದೆ ಎಂದು ತೀರ್ಮಾನ. ಆದರೆ ಆ ಹತ್ತು ನಿಮಿಷದಲ್ಲಿ ಪೆಟ್ರೋಲ್ ನಳಿಗೆಯೂ ತಣ್ಣಗಾಗಿ, ಅದರಲ್ಲಿ ಕಟ್ಟಿದ್ದ ಆವಿ ಕರಗಿರುತ್ತದೆ. ಆದ್ದರಿಂದ ಗಾಡಿ ನಿಂತ ಕೂಡಲೇ, ಪೆಟ್ರೋಲ್ ಅಥವಾ ಗ್ಯಾಸಿನ ವಾಸನೆ ಇಲ್ಲವೆಂದು ಖಚಿತಪಡಿಸಿಕೊಂಡು, ಒಂದು ಹೆಚ್ಚುವರಿ ಪ್ಲಗ್ಗನ್ನು ವೈರಿಗೆ ಸಿಕ್ಕಿಸಿ. ಪ್ಲಗ್ಗಿನ ಕಬ್ಬಿಣದ ಮೈ ಎಂಜಿನ್ನಿಗೆ ತಾಗಿರಲಿ, ವೈರನ್ನು ಕೈಯಲ್ಲಿ ಹಿಡಿಯಬೇಡಿ. ಸೆಲ್ಫ್ ಹೊಡೆಸಿದಾಗ ಚಟ್ ಚಟ್ ಎಂದು ನೀಲಿ ಕಿಡಿ ಬಂದರೆ ಕಾಯಿಲಿನ ಗೋಜಿಗೆ ಹೋಗದೆ ಪೆಟ್ರೋಲ್ ಪಂಪಿನ ಕಡೆ ತಿರುಗಿ. ಕಿಡಿ ಇಲ್ಲವೆಂದರೆ, ಕಾಯಿಲ್ ಇನ್ನೂ ಸುಡುತ್ತಿರುವಾಗಲೇ, ಮತ್ತೆ ಆ ಬಲ್ಬ್.