ವಿಮಾನ ಹತ್ತುವ ವಾಲ್ರಸ್ ನಾಲಿಗೆ

ನಾನು ಆಹಾರದ ಸೂಕ್ಷ್ಮಾಣು ಪರೀಕ್ಷೆ ಮಾಡುವ ಲ್ಯಾಬಿನವನು. ಹಬ್ಬದೂಟ ಉಂಡು ಊರಿಗೆ ಊರೇ ವಾಂತಿ ಭೇದಿಗೆ ಬಿದ್ದರೆ, ಉಳಿದ ಅನ್ನ, ಸಾರು, ಪಾಯಸದ ಡಬ್ಬಿಗಳು ನಮ್ಮ ಮೇಜಿಗೆ ಬರುತ್ತವೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಂಥದ್ದೊಂದು ರಿಪೋರ್ಟು ಹಿಡಿದು ನಾನೇ ಊರಿಗೆ ಹೋಗಿದ್ದೆ. ಊಟ ಆಗಿ ಒಂಬತ್ತು ದಿನ ಕಳೆದಿತ್ತು. ಜಗುಲಿ ಮೇಲೆ ಕೂತಿದ್ದ ಅಜ್ಜಿ ಎಲ್ಲ ಕೇಳಿಸಿಕೊಂಡು, "ಅಲ್ಲಪ್ಪಾ, ತಿನ್ನೋಕೆ ಮುಂಚೆ ಹೇಳಿದ್ರೆ ಒಂದು ಮಾತು. ಈಗ ಹೇಳಿ ಏನ್ಮಾಡ್ತೀಯಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ತಿನ್ನೋಕೆ ಮುಂಚೆಯೇ ಹೇಳುವ ಲ್ಯಾಬೊಂದು ಇದೆ. ಅದು ಕೆನಡಾದ ಕ್ವಿಬೆಕ್ ಪ್ರಾಂತ್ಯದ ಉತ್ತರ ತುದಿಯಲ್ಲಿರುವ ನುನಾವಿಕ್‌ನಲ್ಲಿದೆ. ಅಲ್ಲಿ ಇನುಯಿಟ್ ಜನರ 14 ಹಳ್ಳಿಗಳಿವೆ. (ಶಾಲೆಯಲ್ಲಿ ನಾವು 'ಎಸ್ಕಿಮೋ' ಅಂತ ಓದಿದ್ದು ಇವರನ್ನೇ. ಆ ಹೆಸರು ಅವರು ಇಟ್ಟುಕೊಂಡಿದ್ದಲ್ಲ, ಅವರಿಗೆ ಇಷ್ಟವೂ ಇಲ್ಲ.) ಒಂದು ಹಳ್ಳಿಯಿಂದ ಇನ್ನೊಂದಕ್ಕೆ ರಸ್ತೆ ಇಲ್ಲ, ವಿಮಾನವೇ ಗತಿ. ನಾನು ಅಲ್ಲಿಗೆ ಹೋದವನಲ್ಲ. ಆದರೆ ಹೊಸದಾಗಿ ಲ್ಯಾಬಿಗೆ ಬರುವ ಹುಡುಗರಿಗೆ ಮೊದಲ ದಿನ ನಾನು ಹೇಳುವುದು ಅಲ್ಲಿಯ ಕತೆಯನ್ನೇ.

ವಾಲ್ರಸ್ ಅಂದರೆ ಎರಡು ಉದ್ದ ದಂತಗಳಿರುವ ಕಡಲ ಪ್ರಾಣಿ. ದೊಡ್ಡ ಗಂಡು ಒಂದು ಟನ್ ದಾಟುತ್ತದೆ. ಬೇಟೆ ಸಿಕ್ಕರೆ ಮಾಂಸ ಮನೆ ಮನೆಗೆ ಹಂಚಿಕೆಯಾಗುತ್ತದೆ. ಹಸಿಯಾಗಿ ತಿನ್ನುತ್ತಾರೆ, ಬೇಯಿಸಿಯೂ ತಿನ್ನುತ್ತಾರೆ, ಹುದುಗಿಸಿಯೂ ತಿನ್ನುತ್ತಾರೆ. ಹುದುಗಿಸಿದ್ದಕ್ಕೆ ಇಗುನಾಕ್ ಎಂದು ಹೆಸರು. ಹಿರಿಯರಿಗೆ ಅದೆಂದರೆ ಪ್ರಾಣ.

ತೊಂದರೆ ಇರುವುದು ಆ ಮಾಂಸಖಂಡದಲ್ಲಿ ಸುರುಳಿ ಸುತ್ತಿಕೊಂಡು ಕೂತಿರಬಹುದಾದ ಟ್ರೈಕಿನೆಲ್ಲಾ ಎಂಬ ಹುಳದ ಮರಿಯಲ್ಲಿ. ಹಂದಿ ಮಾಂಸದಲ್ಲಿ ಬರುವ ಟ್ರೈಕಿನೆಲ್ಲಾ −15 ಡಿಗ್ರಿಯಲ್ಲಿ ಸುಮಾರು 3 ವಾರ ಇಟ್ಟರೆ ಸಾಯುತ್ತದೆ. ಆರ್ಕ್ಟಿಕ್‌ನದು ಬೇರೆ ಜಾತಿ, ಟ್ರೈಕಿನೆಲ್ಲಾ ನೇಟಿವಾ. ಚಳಿಯಲ್ಲೇ ಹುಟ್ಟಿ ಬೆಳೆದದ್ದು. ತಿಂಗಳುಗಟ್ಟಲೆ ಫ್ರೀಜರಿನಲ್ಲಿಟ್ಟರೂ ಜಗ್ಗುವುದಿಲ್ಲ. ಒಣಗಿಸಿದರೂ ಉಪ್ಪು ಹಾಕಿದರೂ ಹೊಗೆ ಕೊಟ್ಟರೂ ಹುದುಗಿಸಿದರೂ ಅದನ್ನು ನಂಬುವ ಹಾಗಿಲ್ಲ. ಅದು ಸಾಯುವುದು ಚೆನ್ನಾಗಿ ಬೇಯಿಸಿದರೆ ಮಾತ್ರ. ಒಂದು ಪ್ರಾಣಿಯಲ್ಲಿ ಹುಳ ಇದ್ದರೆ ಹಂಚಿಕೊಂಡ ಎಲ್ಲ ಮನೆಗೂ ಅದರ ಪಾಲು ಹೋದ ಹಾಗೆ.

ಪುಸ್ತಕದ ಪ್ರಕಾರ ಈ ಕಾಯಿಲೆಗೆ ಜ್ವರ, ಮೈಕೈ ನೋವು, ಕಣ್ಣಿನ ಸುತ್ತ ಊತ. ಇನುಯಿಟ್ ಹಳ್ಳಿಗಳಲ್ಲಿ ಕೆಲವರಿಗೆ ವಾರಗಟ್ಟಲೆ ಬರೀ ಭೇದಿ ಇರುತ್ತಿತ್ತು, ಜ್ವರ ಅಷ್ಟಾಗಿ ಇರುತ್ತಿರಲಿಲ್ಲ. ಮಾಂಟ್ರಿಯಲ್‌ನ ವೈದ್ಯರು ಅಂಥ ಐದು ಘಟನೆಗಳನ್ನು ಕೂಡಿಸಿ ನೋಡಿ, 1989ರಲ್ಲಿ ಇದು ಈ ಕಾಯಿಲೆಯ ಇನ್ನೊಂದು ರೂಪ ಎಂದು ಬರೆದರು. ಹಿಂದೆ ಒಮ್ಮೆ ಹುಳ ಹೊಕ್ಕಿದ್ದವರಿಗೆ ಮತ್ತೆ ಹೊಕ್ಕಾಗ ಹೀಗಾಗುತ್ತದೆ ಎಂಬುದು ಅವರ ವಿವರಣೆ. ಹಾಗಾದರೆ ಪುಸ್ತಕ ನೋಡಿಕೊಂಡು ಇದು ಟ್ರೈಕಿನೆಲ್ಲಾ ಅಲ್ಲ ಎಂದು ವಾಪಸ್ ಕಳಿಸಿದವರು ಎಷ್ಟು ಜನ ಇದ್ದರೋ!

'ಬೇಯಿಸಿ ತಿನ್ನಿ' ಅನ್ನುವುದು ನಮ್ಮಂಥವರ ಬಾಯಿಪಾಠ. ನಾನೂ ಸಾವಿರ ಸಲ ಹೇಳಿದ್ದೇನೆ. ಆದರೆ ಇಗುನಾಕ್ ಬೇಯಿಸಿದರೆ ಅದು ಇಗುನಾಕ್ ಅಲ್ಲವೇ ಅಲ್ಲ. ನುನಾವಿಕ್‌ನಲ್ಲಿ ಬೇಟೆಗಾರರೂ ಆರೋಗ್ಯ ಇಲಾಖೆಯವರೂ ಕೂತು ಮಾತಾಡಿದಾಗ ಪ್ರಶ್ನೆಯೇ ಬದಲಾಯಿತು. ಹಸಿ ತಿನ್ನುವುದನ್ನು ಹೇಗೆ ಬಿಡಿಸುವುದು ಎಂದು ಯಾರೂ ಕೇಳಲಿಲ್ಲ. ಈ ಒಂದು ವಾಲ್ರಸ್‌ನಲ್ಲಿ ಹುಳ ಇದೆಯೋ ಇಲ್ಲವೋ, ತಿನ್ನುವ ಮೊದಲೇ ತಿಳಿಯುವುದು ಹೇಗೆ ಎಂದು ಕೇಳಿದರು.

1992ರಲ್ಲಿ ಕೆಲಸ ಶುರುವಾಯಿತು. ಬೇಟೆಗಾರ ತಾನು ಹೊಡೆದ ಪ್ರತಿ ವಾಲ್ರಸ್‌ನ ನಾಲಿಗೆ ಕತ್ತರಿಸಿ ಕೂಜುವಾಕ್ ಊರಿನ ಸಂಶೋಧನಾ ಕೇಂದ್ರಕ್ಕೆ ವಿಮಾನದಲ್ಲಿ ಕಳಿಸುತ್ತಾನೆ. ಆ ಕೇಂದ್ರ ನಡೆಸುವುದು ಮಾಕಿವಿಕ್, ಅಂದರೆ ನುನಾವಿಕ್ ಇನುಯಿಟರದೇ ಸಂಸ್ಥೆ. ನಾಲಿಗೆಯೇ ಯಾಕೆ ಅಂದರೆ, ಜಾಸ್ತಿ ದುಡಿಯುವ ಸ್ನಾಯುವೆಂದರೆ ಈ ಹುಳಕ್ಕೆ ಇಷ್ಟ. ವಾಲ್ರಸ್ ಕಡಲ ತಳದ ಚಿಪ್ಪುಗಳ ಒಳಗಿನ ಮಾಂಸವನ್ನು ನಾಲಿಗೆಯಿಂದ ಪಂಪಿನ ಹಾಗೆ ಹೀರಿ ತಿನ್ನುವ ಪ್ರಾಣಿ. ಅದರ ನಾಲಿಗೆ ಪುರುಸೊತ್ತಿಲ್ಲದೆ ದುಡಿಯುತ್ತದೆ. ಲ್ಯಾಬಿನಲ್ಲಿ ಆ ಮಾಂಸ ರುಬ್ಬಿ ಪೆಪ್ಸಿನ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸುತ್ತಾರೆ. ನಮ್ಮ ಹೊಟ್ಟೆ ಮಾಡುವ ಕೆಲಸವನ್ನೇ ಗಾಜಿನ ಪಾತ್ರೆಯಲ್ಲಿ ಮಾಡುವುದು, ಅಷ್ಟೇ. ಮಾಂಸ ಕರಗುತ್ತದೆ, ಹುಳ ಇದ್ದರೆ ತಳಕ್ಕೆ ಇಳಿಯುತ್ತದೆ. ಸಾಧಾರಣ ಮೈಕ್ರೋಸ್ಕೋಪು ಸಾಕು. ಫಲಿತಾಂಶ ಬೇಗ ಹಳ್ಳಿಗೆ ಮುಟ್ಟುತ್ತದೆ. ಅಲ್ಲಿಯವರೆಗೆ ಮಾಂಸ ಹಂಚುವ ಹಾಗಿಲ್ಲ.

1997ರಲ್ಲಿ ಇನುಕ್‌ಜುವಾಕ್‌ನಲ್ಲಿ ಇದಕ್ಕೆ ನಿಜವಾದ ಪರೀಕ್ಷೆ ಬಂತು. ಹುಳ ಇರುವುದು ಗೊತ್ತಾದ ಕೂಡಲೇ ಊರಿಗೆ ಸುದ್ದಿ ಹೋಯಿತು, ಇನ್ನಷ್ಟು ಜನ ಕಾಯಿಲೆ ಬೀಳುವುದು ತಪ್ಪಿತು. ಆ ಊರಿನ ಹೆಸರಿಗೆ ಇನ್ನೊಂದು ನೆನಪೂ ಇದೆ. 1953ರಲ್ಲಿ ಕೆನಡಾ ಸರ್ಕಾರ ಅಲ್ಲಿಯ ಕೆಲವು ಕುಟುಂಬಗಳನ್ನು ಹಡಗು ಹತ್ತಿಸಿ, ಸುಮಾರು 2,000 ಕಿಲೋಮೀಟರ್ ಉತ್ತರದ ಬರಡು ನೆಲದಲ್ಲಿ ಇಳಿಸಿತ್ತು. ಅವರ ಒಳ್ಳೆಯದಕ್ಕೇ ಎಂದು ಹೇಳಿತ್ತು. ಹೀಗಿರುವಾಗ ಅಧಿಕಾರಿಯೊಬ್ಬ ಬಂದು 'ಇದು ತಿನ್ನಬೇಡಿ' ಅಂದರೆ ಯಾರು ನಂಬುತ್ತಾರೆ? ನಾಲಿಗೆ ಕಳಿಸಿದವನು ಪಕ್ಕದ ಮನೆಯವನೇ ಆಗಿದ್ದರೆ ಮಾತು ಬೇರೆ.

ಇದಕ್ಕಿಂತ ಕೆಟ್ಟದ್ದು ಬೊಟುಲಿಸಂ, ಅಂದರೆ ಗಾಳಿ ಇಲ್ಲದ ಕಡೆ ಆಹಾರದಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾದ ವಿಷದಿಂದ ಬರುವ ಕಾಯಿಲೆ. ಟ್ರೈಕಿನೆಲ್ಲಾ ನರಳಿಸುತ್ತದೆ, ಇದು ಕೊಲ್ಲುತ್ತದೆ. ಮೊದಲು ಕಣ್ಣಿಗೆ ಎರಡೆರಡು ಕಾಣುತ್ತದೆ, ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ, ಆಮೇಲೆ ಉಸಿರೇ ನಿಲ್ಲಬಹುದು. ಕೆನಡಾದಲ್ಲಿ 1985ರಿಂದ 2005ರವರೆಗೆ ಆಹಾರದಿಂದ ಬಂದ ಬೊಟುಲಿಸಂನ 91 ಘಟನೆಗಳು ಲ್ಯಾಬಿನಲ್ಲಿ ಖಚಿತವಾದವು. 205 ಜನ ಕಾಯಿಲೆ ಬಿದ್ದರು, 11 ಜನ ಸತ್ತರು. ಹೆಚ್ಚಿನವು 'ಇ' (E) ಎಂಬ ಬಗೆಯ ವಿಷದವು, ಸೀಲ್, ತಿಮಿಂಗಿಲ, ಮೀನಿನಿಂದ ಬಂದವು. ಈ ಬ್ಯಾಕ್ಟೀರಿಯಾದ ಬೀಜಕಗಳು ಕಡಲ ದಡದ ಕೆಸರಿನಲ್ಲೇ ಇರುತ್ತವೆ. ಸೀಲ್ ಸೀಳುವುದೂ ಅದೇ ದಡದ ಬಂಡೆ ಮೇಲೆ.

ಇಲ್ಲಿ ನಮ್ಮವರು ಒಂದು ಪ್ರಶ್ನೆ ಕೇಳುತ್ತಾರೆ: ಇಡ್ಲಿ ಹಿಟ್ಟೂ ಹುದುಗುತ್ತದೆ, ಅದರಿಂದ ಯಾರೂ ಸಾಯಲ್ಲ, ಅಲ್ವಾ? ಹಿಟ್ಟಿನಲ್ಲಿ ಪಿಷ್ಟ ಇದೆ, ಅದು ಹುಳಿಯಾಗುತ್ತದೆ, ಆ ಹುಳಿಯಲ್ಲಿ ಬೊಟುಲಿಸಂ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಮಾಂಸದಲ್ಲಿ ಹುಳಿಯಾಗಲು ಅಂಥದ್ದೇನೂ ಇಲ್ಲ. ಅಲ್ಲಿ ಕಾಯುವುದು ಚಳಿ ಮಾತ್ರ.

ಹಳೆಯ ಕಾಲದವರು ಮಾಂಸ, ಮೀನಿನ ತಲೆ ಹುದುಗಿಸುತ್ತಿದ್ದುದು ತಣ್ಣನೆಯ ನೆಲ ತೋಡಿದ ಗುಂಡಿಯಲ್ಲಿ. ಅಲಾಸ್ಕಾದಲ್ಲಿ ಗುಂಡಿಗೆ ಹುಲ್ಲು ಹಾಸುತ್ತಿದ್ದರು. ನಿಧಾನದ ಕೆಲಸ. ಆಮೇಲೆ ಪ್ಲಾಸ್ಟಿಕ್ ಬಕೆಟ್, ಗಾಜಿನ ಜಾಡಿ ಬಂದವು. ಮುಚ್ಚಳ ಬಿಗಿ, ಗಾಳಿ ಇಲ್ಲ. ಇಟ್ಟಿದ್ದು ಮನೆ ಒಳಗೆ, ಬೆಚ್ಚಗೆ. ಬೇಗ ಆಗುತ್ತದೆ ನಿಜ, ವಿಷವೂ ಬೇಗ ಆಗುತ್ತದೆ. 2002ರ ಜುಲೈನಲ್ಲಿ ಪಶ್ಚಿಮ ಅಲಾಸ್ಕಾದ ಯೂಪಿಕ್ ಜನ (ಇನುಯಿಟರ ನೆಂಟರು ಅನ್ನಬಹುದು) ದಡಕ್ಕೆ ಬಿದ್ದ ಬೆಲೂಗಾ ತಿಮಿಂಗಿಲದ ಚರ್ಮ, ಕೊಬ್ಬು ಕತ್ತರಿಸಿ ಪ್ಲಾಸ್ಟಿಕ್ ಚೀಲದಲ್ಲಿಟ್ಟರು. ತಿಂದವರು 14 ಜನ, ಬೊಟುಲಿಸಂ ಬಂದದ್ದು 8 ಜನರಿಗೆ. ಅದಕ್ಕೇ 'ಅವರ ಊಟವೇ ಕೊಳಕು' ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ಅಪಾಯ ಹೆಚ್ಚಿಸಿದ್ದು ಅಂಗಡಿಯಿಂದ ಬಂದ ಬಕೆಟ್ಟು. ತಣ್ಣಗಿಡು, ಬಿಗಿ ಮುಚ್ಚಬೇಡ ಎಂದು ಆರೋಗ್ಯ ಇಲಾಖೆ ಈಗ ಹೇಳುತ್ತಿರುವುದು ಹಳೆಯ ಗುಂಡಿಯ ಪದ್ಧತಿಯನ್ನೇ. ಅದನ್ನು ಅಲ್ಲಿಯ ಅಜ್ಜಿಯ ಬಾಯಲ್ಲಿ ಹೇಳಿಸುವುದೇ ಸರಿ, ಯಾಕೆಂದರೆ ಅದು ಅವಳದ್ದೇ ಮಾತು.

ಎಚ್ಚರಿಕೆ ಹೇಳುವ ತಪ್ಪು ದಾರಿಯ ಉದಾಹರಣೆಯೂ ನುನಾವಿಕ್‌ನದೇ. 1980ರ ದಶಕದ ಕೊನೆಗೆ ಅಲ್ಲಿಯ ತಾಯಂದಿರ ಎದೆಹಾಲಿನಲ್ಲಿ ಪಿಸಿಬಿ ಎಂಬ ಕೈಗಾರಿಕಾ ರಾಸಾಯನಿಕ ಸಿಕ್ಕಿತು. ದಕ್ಷಿಣದ ಕಾರ್ಖಾನೆಗಳ ವಿಷ ಗಾಳಿ, ನೀರು, ಕಡಲ ಪ್ರಾಣಿಗಳ ಕೊಬ್ಬು ಹಿಡಿದು ಅಲ್ಲಿಗೆ ತಲುಪಿತ್ತು. ಸುದ್ದಿ ಹಬ್ಬಿತು, ತಾಯಂದಿರು ಹೆದರಿದರು. ಹಾಲು ಕೊಡಬೇಕೋ ಬೇಡವೋ, ಸೀಲ್ ಬಿಟ್ಟು ಏನು ತಿನ್ನಬೇಕು ಎಂಬುದಕ್ಕೆ ಮಾತ್ರ ಸಿದ್ಧ ಉತ್ತರ ಇರಲಿಲ್ಲ. ಅಲ್ಲಿ ತರಕಾರಿ, ಹಾಲು ಎಲ್ಲ ವಿಮಾನದ ಬೆಲೆಗೆ ಮಾರುತ್ತವೆ.

ನಾಲಿಗೆಯ ಕತೆ ಕೇಳಿದ ಹೊಸ ಹುಡುಗರು ಕೇಳುತ್ತಾರೆ, "ಸಾರ್, ಇದನ್ನೇ ಸಮುದಾಯದ ಪಾಲ್ಗೊಳ್ಳುವಿಕೆ ಅನ್ನೋದಾ?" ಆ ಪದ ನಮ್ಮ ಫೈಲುಗಳಲ್ಲಿ ಬೇಕಾದಷ್ಟಿದೆ. ಸಾಮಾನ್ಯವಾಗಿ ಅದರರ್ಥ ಒಂದು ಸಭೆ, ಒಂದು ಬ್ಯಾನರು, ಹಾಜರಿ ಸಹಿ. ನಾನು ಬೇರೆ ಲೆಕ್ಕ ಹಾಕುತ್ತೇನೆ. ಸ್ಯಾಂಪಲ್ ಕತ್ತರಿಸಿದವರು ಯಾರು? ಕಾದವರು ಯಾರು? ರಿಪೋರ್ಟು ಮೊದಲು ಯಾರ ಕೈಗೆ ಹೋಯಿತು?

ಆ ಕಾಯುವಿಕೆ ಸುಮ್ನೆ ಅಲ್ಲ. ಮಂಜು ಕವಿದರೆ ವಿಮಾನ ಬರುವುದಿಲ್ಲ. ನಾಲಿಗೆ ಪೆಟ್ಟಿಗೆಯಲ್ಲಿ ಕೂತಿರುತ್ತದೆ, ಒಂದು ಟನ್ ಮಾಂಸ ಹಂಚದೆ ಬಿದ್ದಿರುತ್ತದೆ, ಅಜ್ಜಂದಿರು "ಬಂತಾ?" ಎಂದು ಕೇಳುತ್ತಲೇ ಇರುತ್ತಾರೆ.